ಅಪರೂಪದ ಶ್ರುತಿಯ ಕೊಳಲು: ತಯಾರಕರನ್ನು ಹುಡುಕುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಲೇಔಟ್‌ ಕಡೆಯಲ್ಲಿ ಕೊಳಲು ಕಲಿಯಲು ಹೊರಟವರಿಗೆ ಮೊದಲ ಕೊಳಲು ಸಿಗುವುದು ಕಷ್ಟವಲ್ಲ. ಗುರುಗಳು ಹೇಳಿದ ಶ್ರುತಿಯ ಕೊಳಲನ್ನು ಅಂಗಡಿಯಿಂದಲೋ ಗುರುಗಳ ಬಳಿಯಿಂದಲೋ ತಂದು ಪಾಠ ಶುರುಮಾಡಬಹುದು. ತೊಡಕು ಬರುವುದು ನಾಲ್ಕಾರು ವರ್ಷ ಕಳೆದ ಮೇಲೆ. ಭರತನಾಟ್ಯಕ್ಕೆ ಪಕ್ಕವಾದ್ಯ ನುಡಿಸಲು ಕರೆ ಬರುತ್ತದೆ. ಅಲ್ಲಿ ಹಾಡುವವರ ಶ್ರುತಿ, ಹಾರ್ಮೋನಿಯಂ ಲೆಕ್ಕದಲ್ಲಿ, ನಾಲ್ಕೂವರೆ ಮನೆ. ಭಜನೆ ಮಂಡಳಿಯ ಹಾರ್ಮೋನಿಯಂ ಆರೂವರೆಗೆ ನಿಂತಿರುತ್ತದೆ. ಮನೆಯಲ್ಲಿ ಹಾಡುವ ಮಗಳ ಕಂಠಕ್ಕೆ ಐದೂವರೆ ಸರಿಹೋಗುತ್ತದೆ, ಕೈಯಲ್ಲಿರುವ ಕೊಳಲು ಎರಡೂವರೆಯದು. ಆಗ ಅಂಗಡಿಯಲ್ಲಿ ಕೇಳಿದರೆ ಆ ಶ್ರುತಿಯದು ಇಲ್ಲ ಎಂಬ ಉತ್ತರ ಬರುತ್ತದೆ, ಇಲ್ಲವೇ ಇರುವ ಒಂದೇ ಒಂದು ಕೊಳಲು ಅಪಶ್ರುತಿಯಾಗಿರುತ್ತದೆ.

ಅಂಥ ಕೊಳಲನ್ನು ಹೇಳಿ ಮಾಡಿಸಬೇಕು. ಮಾಡಿಸಬೇಕಾದರೆ ಶ್ರುತಿಯ ಲೆಕ್ಕ, ಬಿದಿರಿನ ಮಿತಿ, ತಯಾರಕರ ಕೆಲಸದ ಕ್ರಮ ಈ ಮೂರೂ ಗೊತ್ತಿರಬೇಕು. ಇವು ಗೊತ್ತಿಲ್ಲದೆ ಕೊಟ್ಟ ಆರ್ಡರ್‌ನಿಂದ ಹಣವೂ ಹೋಗುತ್ತದೆ, ಒಳ್ಳೆಯ ಬಿದಿರೂ ಹಾಳಾಗುತ್ತದೆ.

ಒಬ್ಬ ವಾದಕನಿಗೆ ಹಲವು ಕೊಳಲು ಏಕೆ?

ವೀಣೆ, ಪಿಟೀಲುಗಳಿಗೆ ಬಿರಡೆಗಳಿವೆ. ತಿರುಗಿಸಿ ಶ್ರುತಿ ಏರಿಸಬಹುದು, ಇಳಿಸಬಹುದು. ಮೃದಂಗದ ಶ್ರುತಿಯನ್ನೂ ಒಂದು ಮಿತಿಯೊಳಗೆ ತಟ್ಟಿ ಸರಿಪಡಿಸಬಹುದು. ಕೊಳಲಿಗೆ ಈ ಸೌಲಭ್ಯವಿಲ್ಲ. ಬಿದಿರು ಕತ್ತರಿಸಿ ರಂಧ್ರ ಕೊರೆದ ದಿನವೇ ಅದರ ಷಡ್ಜ ನಿಶ್ಚಯವಾಗುತ್ತದೆ. ತುಟಿಯ ಕೋನ ಬದಲಿಸಿ, ಕೊಳಲನ್ನು ಸ್ವಲ್ಪ ಒಳಕ್ಕೋ ಹೊರಕ್ಕೋ ಹೊರಳಿಸಿ ಸ್ವರವನ್ನು ತುಸು ಏರಿಳಿಸಬಹುದಾದರೂ ಅರ್ಧ ಮನೆಯಷ್ಟು ಅಂತರವನ್ನು ಕಛೇರಿಯುದ್ದಕ್ಕೂ ಹೀಗೆ ತುಂಬಿಸಲಾಗದು. ತುಂಬಿಸಲು ಹೋದರೆ ನಾದ ಸೊರಗುತ್ತದೆ.

ಹಾಗಾಗಿಯೇ ನೃತ್ಯಕ್ಕೆ, ಸುಗಮ ಸಂಗೀತಕ್ಕೆ, ಚಿತ್ರಗೀತೆಗಳ ಧ್ವನಿಮುದ್ರಣಕ್ಕೆ ನುಡಿಸುವ ವಾದಕರು ಚೀಲದ ತುಂಬ ಕೊಳಲು ಹೊತ್ತು ಬರುತ್ತಾರೆ. ಸಪ್ತಕದಲ್ಲಿ ಹನ್ನೆರಡು ಸ್ವರಸ್ಥಾನಗಳಿವೆ. ಯಾವ ಗಾಯಕರ ಜೊತೆಗೂ ಕೂರಬಲ್ಲೆ ಎನ್ನುವವರ ಬಳಿ ಹನ್ನೆರಡಕ್ಕೂ ಒಂದೊಂದು ಕೊಳಲು ಇರಬೇಕಾಗುತ್ತದೆ, ಕೆಲವಕ್ಕೆ ಮಂದ್ರದ ಉದ್ದ ಕೊಳಲು ಬೇರೆ.

ಮನೆ, ಕಾಳಿ, ಸ್ಕೇಲ್: ಒಂದೇ ಶ್ರುತಿಗೆ ಮೂರು ಹೆಸರು

ನಮ್ಮಲ್ಲಿ ಶ್ರುತಿಯನ್ನು ಹಾರ್ಮೋನಿಯಂನ ಮನೆಗಳಿಂದ ಗುರುತಿಸುವುದು ರೂಢಿ. ಬಿಳಿ ಮನೆಗಳು ಒಂದರಿಂದ ಏಳು. ನಡುವಿನ ಕಪ್ಪು ಮನೆಗಳು ಒಂದೂವರೆ, ಎರಡೂವರೆ, ನಾಲ್ಕೂವರೆ, ಐದೂವರೆ, ಆರೂವರೆ. ಮೂರೂವರೆ, ಏಳೂವರೆ ಎಂಬುವು ಇಲ್ಲ, ಏಕೆಂದರೆ ಆ ಜಾಗಗಳಲ್ಲಿ ಕಪ್ಪು ಮನೆಯೇ ಇಲ್ಲ. ತಮಿಳಿನವರು ಇದನ್ನೇ ಕಟ್ಟೈ ಎನ್ನುತ್ತಾರೆ. ಹಿಂದುಸ್ತಾನಿ ಪದ್ಧತಿಯವರು ಕಪ್ಪು ಮನೆಗಳನ್ನು ಕಾಳಿ ಒಂದು, ಕಾಳಿ ಎರಡು ಎಂದು ಎಣಿಸುತ್ತಾರೆ. ಕೀಬೋರ್ಡ್, ಗಿಟಾರ್‌ ಜೊತೆ ನುಡಿಸುವವರು ಸಿ, ಡಿ, ಇ ಎಂಬ ಪಾಶ್ಚಾತ್ಯ ಹೆಸರು ಬಳಸುತ್ತಾರೆ.

ಮೂರನ್ನೂ ಹೊಂದಿಸಿ ನೋಡಿದರೆ ಹೀಗೆ:

- ಒಂದು ಮನೆ: ಸಿ, ಸುಮಾರು 261.6 ಹರ್ಟ್ಸ್
- ಒಂದೂವರೆ: ಸಿ ಶಾರ್ಪ್, ಕಾಳಿ ಒಂದು, 277.2
- ಎರಡು: ಡಿ, 293.7
- ಎರಡೂವರೆ: ಡಿ ಶಾರ್ಪ್, ಕಾಳಿ ಎರಡು, 311.1
- ಮೂರು: ಇ, 329.6
- ನಾಲ್ಕು: ಎಫ್, 349.2
- ನಾಲ್ಕೂವರೆ: ಎಫ್ ಶಾರ್ಪ್, ಕಾಳಿ ಮೂರು, 370
- ಐದು: ಜಿ, 392
- ಐದೂವರೆ: ಜಿ ಶಾರ್ಪ್, ಕಾಳಿ ನಾಲ್ಕು, 415.3
- ಆರು: ಎ, 440
- ಆರೂವರೆ: ಎ ಶಾರ್ಪ್, ಕಾಳಿ ಐದು, 466.2
- ಏಳು: ಬಿ, 493.9

ಈ ಅಂಕಿಗಳು ‘ಎ’ ಸ್ವರವನ್ನು 440 ಹರ್ಟ್ಸ್‌ಗೆ ಕೂಡಿಸುವ ಇಂದಿನ ರೂಢಿಯವು, ಪಿಯಾನೋದ ನಡು ಸಪ್ತಕದವು. ಅದೇ ಮನೆಯ ಕೊಳಲು ಒಂದು ಸ್ಥಾಯಿ ಕೆಳಗಿದ್ದರೆ ಅಂಕಿ ಅರ್ಧವಾಗುತ್ತದೆ, ಮೇಲಿದ್ದರೆ ದುಪ್ಪಟ್ಟಾಗುತ್ತದೆ. ಆದ್ದರಿಂದ ಎರಡೂವರೆ ಮನೆ ಎಂದಷ್ಟೇ ಹೇಳಿದರೆ ಸಾಲದು. ಯಾವ ಸ್ಥಾಯಿಯದೆಂದೂ ಹೇಳಬೇಕು.

ಹಳೆಯ ಹಾರ್ಮೋನಿಯಂಗಳು 440ರ ಲೆಕ್ಕಕ್ಕೆ ಸರಿಯಾಗಿ ಕೂಡದಿರಬಹುದು. ತಂಬೂರಿಯನ್ನು ಗಾಯಕರು ತಮ್ಮ ಕಂಠಕ್ಕೆ ಹಿತವಾದ ಕಡೆಗೆ ಮೀಟಿ ನಿಲ್ಲಿಸಿಕೊಳ್ಳುತ್ತಾರೆ. ಅದು ಎರಡು ಮನೆಗೂ ಎರಡೂವರೆಗೂ ನಡುವೆ, ಅಂದರೆ ಸುಮಾರು 302 ಹರ್ಟ್ಸ್‌ನಲ್ಲಿ ಬಿದ್ದಿರಲೂಬಹುದು. ಅಂಥ ತಂಬೂರಿಗೆ ಸರಿಹೊಂದುವ ಕೊಳಲು ಬೇಕಿದ್ದರೆ ಮನೆಯ ಹೆಸರು ಸಾಕಾಗುವುದಿಲ್ಲ, ಹರ್ಟ್ಸ್‌ನಲ್ಲೇ ಅಳೆದು ಕೊಡಬೇಕು. ಮೊಬೈಲ್‌ನಲ್ಲಿ ಸಿಗುವ ಟ್ಯೂನರ್ ಈ ಅಳತೆಗೆ ಸಾಕು.

ಶ್ರುತಿಯನ್ನು ಹೀಗೆ ನವಿರಾಗಿ ಹಿಡಿದಿಡುವ ಕೆಲಸಕ್ಕೆ ಬೆಂಗಳೂರಿನದೇ ಒಂದು ಕೊಡುಗೆಯಿದೆ. ಎಲೆಕ್ಟ್ರಾನಿಕ್ ತಂಬೂರಿ, ಶ್ರುತಿಪೆಟ್ಟಿಗೆಗಳನ್ನು ರೂಪಿಸಿದ ರಾಡೆಲ್ ಸಂಸ್ಥೆಯ ಸ್ಥಾಪಕ ಜಿ. ರಾಜ್‌ನಾರಾಯಣ್ ಎಂಜಿನಿಯರರಷ್ಟೇ ಅಲ್ಲ, ಸ್ವತಃ ಕೊಳಲು ವಾದಕರು.

ಆರ್ಡರ್ ಕೊಡುವಾಗ ಎಡವುವ ಜಾಗ: ಷಡ್ಜ ಯಾವ ಬೆರಳಿಗೆ?

ಕರ್ನಾಟಕ ಪದ್ಧತಿಯ ಕೊಳಲಿನಲ್ಲಿ ಊದುವ ರಂಧ್ರವಲ್ಲದೆ ಎಂಟು ರಂಧ್ರಗಳಿರುತ್ತವೆ. ಮೊದಲ ಎರಡನ್ನು ಮುಚ್ಚಿದಾಗ ಷಡ್ಜ. ಒಂದನ್ನು ಮುಚ್ಚಿದರೆ ಚತುಃಶ್ರುತಿ ರಿಷಭ, ಎಲ್ಲವನ್ನೂ ತೆರೆದರೆ ಅಂತರ ಗಾಂಧಾರ. ಅರ್ಧ ರಂಧ್ರ ಮುಚ್ಚುವ ಪ್ರಮೇಯವಿಲ್ಲದೆ ಸಹಜವಾಗಿ ಮೂಡುವ ಮೇಳ ಹರಿಕಾಂಭೋಜಿ. ಹಿಂದುಸ್ತಾನಿ ಬಾನ್ಸುರಿಗೆ ಸಾಮಾನ್ಯವಾಗಿ ಆರು ರಂಧ್ರ. ಮೊದಲ ಮೂರನ್ನು ಮುಚ್ಚಿದಾಗ ಷಡ್ಜ, ಆರನ್ನೂ ಮುಚ್ಚಿದಾಗ ಮಂದ್ರ ಪಂಚಮ. ಪಾಶ್ಚಾತ್ಯ ಜಾನಪದ ಕೊಳಲುಗಳನ್ನು, ಮುಖ್ಯವಾಗಿ ಐರ್ಲೆಂಡಿನ ಮರದ ಕೊಳಲುಗಳನ್ನು, ಆರೂ ರಂಧ್ರ ಮುಚ್ಚಿದಾಗ ಬರುವ ಸ್ವರದ ಹೆಸರಿನಿಂದ ಕರೆಯುತ್ತಾರೆ.

ಇದರ ಪರಿಣಾಮ ದೊಡ್ಡದು. ಒಂದೇ ಕೊಳವೆಗೆ ಮೂರು ಕಡೆ ಮೂರು ಹೆಸರು. ಐರಿಷ್ ತಯಾರಕರು ‘ಡಿ’ ಎಂದು ಮಾರುವ ಕೊಳಲನ್ನು ಬಾನ್ಸುರಿಯ ಬೆರಳಿನಲ್ಲಿ ನುಡಿಸಿದರೆ ಷಡ್ಜ ‘ಜಿ’ ಆಗುತ್ತದೆ. ನಮ್ಮ ಎರಡು ಬೆರಳಿನ ಷಡ್ಜಕ್ಕೆ ಸರಿಸುಮಾರು ‘ಎ’, ಅಂದರೆ ಆರು ಮನೆ. ಹಾಗೆಯೇ ಹಿಂದುಸ್ತಾನಿಯವರ ‘ಇ’ ಬಾನ್ಸುರಿಯಲ್ಲಿ ಕರ್ನಾಟಕ ಬೆರಳಿನ ಷಡ್ಜ ಹಿಡಿದರೆ ಮೂರು ಮನೆಯ ಬದಲು ನಾಲ್ಕೂವರೆ ಕೇಳಿಸುತ್ತದೆ. ದೂರದ ತಯಾರಕರಿಗೆ ಬರೀ ‘ಇ ಸ್ಕೇಲ್ ಕೊಳಲು ಬೇಕು’ ಎಂದು ಬರೆದು ಕಳಿಸಿದರೆ ಒಂದಿಡೀ ಸ್ವರದಷ್ಟು ತಪ್ಪಿದ ಕೊಳಲು ಮನೆಗೆ ಬರಬಹುದು. ತಯಾರಕರ ತಪ್ಪೂ ಅದರಲ್ಲಿರುವುದಿಲ್ಲ. ‘ಎರಡು ರಂಧ್ರ ಮುಚ್ಚಿದಾಗ 329.6 ಹರ್ಟ್ಸ್ ಬರಬೇಕು’ ಎಂದು ಬರೆದರೆ ಗೊಂದಲಕ್ಕೆ ಎಡೆಯೇ ಇಲ್ಲ.

ಕೆಲವು ಶ್ರುತಿಗಳು ಅಪರೂಪವಾಗಲು ಕಾರಣ: ಬಿದಿರು

ಊದಿದ ಉಸಿರಿನಿಂದ ಕೊಳಲಿನೊಳಗಿನ ಗಾಳಿಕಂಬ ಕಂಪಿಸುತ್ತದೆ. ಕಂಬ ಉದ್ದವಾದಷ್ಟೂ ಸ್ವರ ತಗ್ಗು. ಬೆಂಗಳೂರಿನ ಹಿತವಾದ ಹಗಲಿನ ಉಷ್ಣತೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 347 ಮೀಟರ್. ಅದನ್ನು ಸ್ವರದ ಹರ್ಟ್ಸ್‌ನ ಎರಡರಷ್ಟರಿಂದ ಭಾಗಿಸಿದರೆ ಬೇಕಾದ ಗಾಳಿಕಂಬದ ಉದ್ದ ಸಿಗುತ್ತದೆ. ಎರಡೂವರೆ ಮನೆಯ ಷಡ್ಜಕ್ಕೆ ಸುಮಾರು 55.8 ಸೆಂ.ಮೀ., ಎರಡು ಮನೆಗೆ 59.1 ಸೆಂ.ಮೀ. ರಂಧ್ರಗಳ ಅಂಚಿನಲ್ಲಿ ಗಾಳಿ ತುಸು ಹೊರಚಾಚಿ ಕಂಪಿಸುವುದರಿಂದ ನಿಜವಾದ ಅಳತೆ ಇದಕ್ಕಿಂತ ಕಡಿಮೆಯಿರುತ್ತದೆ. ಆದರೆ ಪ್ರಮಾಣ ಬದಲಾಗದು: ಅರ್ಧ ಮನೆ ಇಳಿದಾಗಲೆಲ್ಲ ಕೊಳಲು ಸುಮಾರು ನೂರಕ್ಕೆ ಆರರಷ್ಟು ಉದ್ದವಾಗಬೇಕು.

ಮಂದ್ರದ ಆರೂವರೆಗೆ, ಅಂದರೆ ಸುಮಾರು 233 ಹರ್ಟ್ಸ್‌ಗೆ, ಷಡ್ಜದವರೆಗಿನ ಗಾಳಿಕಂಬವೇ 74 ಸೆಂ.ಮೀ. ದಾಟುತ್ತದೆ. ಅದರ ಕೆಳಗೆ ಮಂದ್ರ ಪಂಚಮದವರೆಗೆ ಇನ್ನೂ ಕೊಳವೆ ಬೇಕು. ಒಟ್ಟು ಉದ್ದ ಮೀಟರಿನ ಆಸುಪಾಸಿಗೆ ಹೋಗುತ್ತದೆ. ಇಷ್ಟು ಉದ್ದದ ಬಿದಿರು ಎರಡು ಗಿಣ್ಣುಗಳ ನಡುವೆ ಒಂದೇ ತುಂಡಾಗಿ ಸಿಗಬೇಕು, ಜೊತೆಗೆ ನೆಟ್ಟಗಿರಬೇಕು, ಒಳಗೆ ದುಂಡಗಿರಬೇಕು, ಗೋಡೆ ತೆಳ್ಳಗಿರಬೇಕು.

ನಮ್ಮ ಕಾಡುಗಳಲ್ಲಿ ಹೇರಳವಾಗಿರುವ ಹೆಬ್ಬಿದಿರಿನ ಗೋಡೆ ದಪ್ಪ, ಗಿಣ್ಣಿನಿಂದ ಗಿಣ್ಣಿಗೆ ಅಂತರ ಕಡಿಮೆ. ಏಣಿಗೆ, ಚಪ್ಪರಕ್ಕೆ ಅದು ಒಳ್ಳೆಯದು. ಕೊಳಲಿಗೆ ಬೇಕಾದದ್ದು ಬೇರೆ ಜಾತಿ. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ವಾಟೆ ಜಾತಿಯ ಬಿದಿರುಗಳಿಗೆ ಗೋಡೆ ತೆಳು, ಗಿಣ್ಣುಗಳ ಅಂತರ ಉದ್ದ. ಈಶಾನ್ಯ ಭಾರತದ ಅಸ್ಸಾಂ ಕಡೆಯಿಂದ ಬರುವ ತೆಳುಗೋಡೆಯ ಉದ್ದನೆಯ ಬಿದಿರಿನ ಮೇಲೆಯೇ ಹಿಂದುಸ್ತಾನಿ ಬಾನ್ಸುರಿಯ ತಯಾರಿಕೆ ಬಹುಮಟ್ಟಿಗೆ ನಿಂತಿದೆ. ಕೊಳಲಿಗೆ ಹೆಸರಾದ ಉತ್ತರ ಪ್ರದೇಶದ ಪೀಲಿಭೀತ್‌ಗೂ ಬಿದಿರು ಅಲ್ಲಿಂದಲೇ ಬರುತ್ತದೆ.

ತಗ್ಗಿನ ಶ್ರುತಿಗೆ ಇನ್ನೊಂದು ತಡೆ ಮನುಷ್ಯನ ಕೈ. ಕೊಳಲು ಉದ್ದವಾದಂತೆ ರಂಧ್ರಗಳ ನಡುವಿನ ಅಂತರವೂ ಹಿಗ್ಗುತ್ತದೆ. ಕಿರುಬೆರಳು, ಉಂಗುರ ಬೆರಳು ಚಾಚಿ ಮುಚ್ಚಲಾಗದ ಹಂತ ಬರುತ್ತದೆ. ತಾರದ ಕಡೆ ಹೋದರೆ ತೊಂದರೆ ತಿರುಗುಮುರುಗು: ರಂಧ್ರಗಳು ಇಕ್ಕಟ್ಟಾಗಿ ದಪ್ಪ ಬೆರಳಿನವರಿಗೆ ಗಮಕ ಕಷ್ಟವಾಗುತ್ತದೆ. ನಡುವಿನ ಕೆಲವು ಶ್ರುತಿಗಳ ಕೊರತೆಗೆ ಮಾತ್ರ ಬಿದಿರು ಕಾರಣವಲ್ಲ. ಅವಕ್ಕೆ ಬೇಡಿಕೆ ಕಡಿಮೆ, ಹಾಗಾಗಿ ಯಾರೂ ಮಾಡಿಟ್ಟುಕೊಳ್ಳುವುದಿಲ್ಲ, ಅಷ್ಟೇ. ಹೇಳಿ ಮಾಡಿಸುವವರಿಗೆ ಇದು ಸಮಾಧಾನದ ಸಂಗತಿ.

ಹಳೆಯ ಹುಡುಕಾಟ

ಶ್ರುತಿಗೊಂದು ಕೊಳಲು ಎಂಬ ಚಿಂತನೆ ಹೊಸದಲ್ಲ. ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ 13ನೇ ಶತಮಾನದಲ್ಲಿ ಬರೆದ ‘ಸಂಗೀತ ರತ್ನಾಕರ’ ಕೊಳಲುಗಳನ್ನು ಊದುವ ರಂಧ್ರಕ್ಕೂ ಮೊದಲ ಸ್ವರರಂಧ್ರಕ್ಕೂ ಇರುವ ಅಂಗುಲಗಳ ಅಂತರದಿಂದ ವಿಂಗಡಿಸುತ್ತದೆ. ಒಂದಂಗುಲದ್ದು ಏಕವೀರ, ಎರಡರದ್ದು ಉಮಾಪತಿ, ಮೂರರದ್ದು ತ್ರಿಪುರುಷ, ನಾಲ್ಕರದ್ದು ಚತುರ್ಮುಖ, ಹೀಗೆ ಮುಂದುವರಿಯುತ್ತದೆ. ಅಂತರ ಹೆಚ್ಚಿದಂತೆ ಶ್ರುತಿ ತಗ್ಗುತ್ತದೆ. ಬಿದಿರಲ್ಲದೆ ಖದಿರ, ಚಂದನ, ರಕ್ತಚಂದನದ ಮರಗಳಿಂದಲೂ, ದಂತ ಮತ್ತು ಲೋಹಗಳಿಂದಲೂ ಕೊಳಲು ಮಾಡಬಹುದೆಂದು ಆ ಗ್ರಂಥ ಹೇಳುತ್ತದೆ. ಇದಕ್ಕೆ 15ನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಕಲ್ಲಿನಾಥ ವಿಜಯನಗರದ ಆಶ್ರಯದಲ್ಲಿದ್ದವನು.

ಕರ್ನಾಟಕ ಸಂಗೀತದ ಕಛೇರಿ ವೇದಿಕೆಗೆ ಕೊಳಲನ್ನು ತಂದವರು ಕುಂಭಕೋಣದ ಶರಭಶಾಸ್ತ್ರಿಗಳು (1872-1904). ಪಲ್ಲಡಂ ಸಂಜೀವರಾಯರು ಆ ಹಾದಿಯನ್ನು ಮುಂದುವರಿಸಿದರು. ‘ಮಾಲಿ’ ಎಂದೇ ಹೆಸರಾದ ಟಿ.ಆರ್. ಮಹಾಲಿಂಗಂ (1926-1986) ಬೆರಳು ಹಿಡಿಯುವ, ಊದುವ ಕ್ರಮಗಳನ್ನೇ ಬದಲಿಸಿ ಕೊಳಲಿನಲ್ಲಿ ಕಂಠದ ಗಮಕಗಳನ್ನು ತಂದರು. ಅವರ ಶಿಷ್ಯ ಎನ್. ರಮಣಿ (1934-2015) ಉದ್ದನೆಯ ಮಂದ್ರ ಕೊಳಲನ್ನು ಕರ್ನಾಟಕ ಸಂಗೀತದ ವೇದಿಕೆಗೆ ಪರಿಚಯಿಸಿದರು. ಉತ್ತರದಲ್ಲಿ ಪನ್ನಾಲಾಲ್ ಘೋಷ್ (1911-1960) ಹಲವು ಬಗೆಯ ಕೊಳವೆಗಳನ್ನು ಪರೀಕ್ಷಿಸಿ ಸುಮಾರು 32 ಇಂಚಿನ ಬಾನ್ಸುರಿಯನ್ನು ರೂಪಿಸಿದರು. ಧಾರವಾಡದಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಪ್ರವೀಣ್ ಗೋಡ್ಖಿಂಡಿ ಅದಕ್ಕಿಂತಲೂ ಬಹಳ ಉದ್ದದ ಕಾಂಟ್ರಾಬಾಸ್ ಕೊಳಲನ್ನು ನುಡಿಸುತ್ತಾರೆ. ಹಾಸನ ಜಿಲ್ಲೆಯ ರುದ್ರಪಟ್ಟಣದ ಮೂಲದ ಶಶಾಂಕ್ ಸುಬ್ರಹ್ಮಣ್ಯಂ ಒಂದೇ ಕಛೇರಿಯಲ್ಲಿ ಬೇರೆ ಬೇರೆ ಉದ್ದದ ಕೊಳಲುಗಳನ್ನು ಕೈಗೆತ್ತಿಕೊಳ್ಳುತ್ತಾರೆ. ಇವರೆಲ್ಲರಿಗೂ ಬೇಕಾದ ಕೊಳಲು ಸಿದ್ಧವಾಗಿ ಸಿಕ್ಕಿದ್ದಲ್ಲ. ಬಿದಿರು ಹುಡುಕಿ, ಮಾಡಿಸಿ, ಎಷ್ಟೋ ಸಲ ಸ್ವತಃ ಮಾಡಿಕೊಂಡು ಪಡೆಯುವುದೇ ಈ ವಾದ್ಯದವರ ಪರಂಪರೆ.

ತಯಾರಕರ ಕೈಯಲ್ಲಿ ಕೊಳಲು

ಕಡಿದು ತಂದ ಹಸಿ ಬಿದಿರಿನಿಂದ ಕೊಳಲಾಗದು. ನೆರಳಿನಲ್ಲಿ ತಿಂಗಳುಗಟ್ಟಲೆ, ಒಳ್ಳೆಯ ತಯಾರಕರ ಬಳಿ ವರ್ಷಕ್ಕೂ ಮಿಕ್ಕಿ, ಒಣಗಿ ಪಕ್ವವಾಗಬೇಕು. ಆ ಅವಧಿಯಲ್ಲಿ ಸೀಳುವ ಬಿದಿರುಗಳು ಸೀಳಿ ಹೋಗುತ್ತವೆ. ಉಳಿದವನ್ನು ಉದ್ದ, ಒಳವ್ಯಾಸ, ಗೋಡೆಯ ದಪ್ಪ ನೋಡಿ ಬೇರೆ ಮಾಡಿಡುತ್ತಾರೆ. ಯಾವ ಕೊಳವೆ ಯಾವ ಶ್ರುತಿಗೆ ಒದಗುತ್ತದೆ ಎಂಬ ತೀರ್ಮಾನ ಇಲ್ಲಿಯೇ ಆಗುವುದು. ಒಳವ್ಯಾಸ ಕಡಿಮೆಯಿರುವ ಬಿದಿರನ್ನು ದೊಡ್ಡ ಮಂದ್ರಕ್ಕೆ ಎಳೆದರೆ ನಾದ ಬಡಕಲಾಗುತ್ತದೆ, ಅಗಲದ್ದನ್ನು ತಾರಕ್ಕೆ ಕತ್ತರಿಸಿದರೆ ಮೇಲಿನ ಸ್ಥಾಯಿ ಕೈಗೆ ಬರುವುದಿಲ್ಲ.

ಮೊದಲು ಕೊಳವೆಯ ಬೆನ್ನಿನ ಮೇಲೆ ನೇರ ಗೆರೆ ಎಳೆಯುತ್ತಾರೆ. ಊದುವ ರಂಧ್ರದ ಆಚೆ ಬದಿಯನ್ನು ಗಿಣ್ಣಿನಿಂದಲೋ ಕಾರ್ಕ್‌ನಿಂದಲೋ ಮುಚ್ಚುತ್ತಾರೆ. ಆಮೇಲೆ ಕೆಂಪಗೆ ಕಾಯಿಸಿದ ಕಬ್ಬಿಣದ ಸಲಾಕೆಯಿಂದ ಊದುವ ರಂಧ್ರವನ್ನು ಸುಟ್ಟು ತೆಗೆಯುತ್ತಾರೆ. ಡ್ರಿಲ್ ಹಿಡಿದರೆ ಬಿದಿರಿನ ನಾರು ಎದ್ದು ಸೀಳುವ ಭಯವಿದೆ. ಕಾದ ಸಲಾಕೆ ಅಂಚನ್ನು ಸುಟ್ಟು ಗಟ್ಟಿಮಾಡುತ್ತದೆ. ಹೊಗೆ ಆರಿದ ಮೇಲೆ ಅಂಚನ್ನು ಅರದಿಂದ ಉಜ್ಜಿ, ಊದಿ ನೋಡುತ್ತಾರೆ. ಈ ಒಂದು ರಂಧ್ರ ಕೆಟ್ಟರೆ ಕೊಳಲೇ ಕೆಟ್ಟಂತೆ.

ಬಳಿಕ ಸ್ವರರಂಧ್ರಗಳು. ರಂಧ್ರ ದೊಡ್ಡದಾದರೆ ಸ್ವರ ಏರುತ್ತದೆ. ಆದ್ದರಿಂದ ಪ್ರತಿಯೊಂದನ್ನೂ ಮೊದಲು ಚಿಕ್ಕದಾಗಿ, ಸ್ವರ ತುಸು ತಗ್ಗಿರುವಂತೆ ಕೊರೆದು, ಊದಿ ಕೇಳಿ, ಮತ್ತೆ ಒಂದು ಎಳೆಯಷ್ಟು ಉಜ್ಜಿ, ಮತ್ತೆ ಊದಿ, ಸ್ವರವನ್ನು ಕೆಳಗಿನಿಂದ ಮೇಲಕ್ಕೆ ತಂದು ನಿಲ್ಲಿಸುತ್ತಾರೆ. ತಗ್ಗಿದ ಸ್ವರವನ್ನು ಏರಿಸಲು ಹೀಗೆ ದಾರಿಯಿದೆ. ಏರಿಹೋದದ್ದನ್ನು ಇಳಿಸಲು ಮೇಣ ತುಂಬುವಂಥ ಉಪಾಯಗಳನ್ನು ಬಿಟ್ಟರೆ ದಾರಿಯಿಲ್ಲ. ಒಂದು ರಂಧ್ರ ಮುಟ್ಟಿದರೆ ಪಕ್ಕದ ಸ್ವರವೂ ಅಲುಗುತ್ತದೆ, ಮಧ್ಯ ಸ್ಥಾಯಿ ಸರಿಮಾಡಿದರೆ ತಾರ ಸ್ಥಾಯಿ ಜಗ್ಗಬಹುದು. ಇವೆಲ್ಲವನ್ನೂ ಸರಿದೂಗಿಸುವುದೇ ತಯಾರಕರ ವಿದ್ಯೆ.

ರೂಢಿಯ ಶ್ರುತಿಗಳಿಗೆ ತಯಾರಕರ ಬಳಿ ಅಳತೆ ಕೋಲುಗಳಿರುತ್ತವೆ; ಹಿಂದೆ ಮಾಡಿದ ಒಳ್ಳೆಯ ಕೊಳಲಿನ ರಂಧ್ರಗಳ ಸ್ಥಾನವನ್ನು ಗುರುತು ಹಾಕಿಟ್ಟುಕೊಂಡಿರುತ್ತಾರೆ. ಅಪರೂಪದ ಶ್ರುತಿಗೆ ಆ ಆಧಾರ ಇರುವುದಿಲ್ಲ. ಹತ್ತಿರದ ಅಳತೆಯನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ಅಂದಾಜು ಮಾಡಿ, ಬಿದಿರಿನ ಒಳವ್ಯಾಸಕ್ಕೆ ತಕ್ಕಂತೆ ತಿದ್ದಬೇಕು. ಮೊದಲ ಒಂದೆರಡು ತುಂಡುಗಳು ಹಾಳಾಗುವುದೂ ಉಂಟು. ಹೇಳಿ ಮಾಡಿಸಿದ ಕೊಳಲಿಗೆ ಬೆಲೆ ಹೆಚ್ಚು, ಕಾಯುವಿಕೆ ದೀರ್ಘ ಎನ್ನುವುದರ ಹಿಂದಿನ ಸತ್ಯ ಇದು.

ದಕ್ಷಿಣ ಬೆಂಗಳೂರಿನಲ್ಲಿ ಎಲ್ಲಿಂದ ಶುರುಮಾಡಬೇಕು?

ಮೊದಲು ಗುರುಗಳನ್ನು ಕೇಳಿ. ಕೊಳಲು ಕಲಿಸುವವರಲ್ಲಿ ಹೆಚ್ಚಿನವರಿಗೆ ಒಬ್ಬಿಬ್ಬರು ತಯಾರಕರ ನೇರ ಪರಿಚಯವಿರುತ್ತದೆ. ಕೆಲವರು ತಾವೇ ಕೊಳಲು ಮಾಡುತ್ತಾರೆ. ಗುರುಗಳ ಮೂಲಕ ಹೋದ ಆರ್ಡರ್‌ಗೆ ತಯಾರಕರು ತಮ್ಮ ಒಳ್ಳೆಯ ಬಿದಿರನ್ನು ತೆಗೆಯುತ್ತಾರೆ, ಏಕೆಂದರೆ ಕೊಳಲನ್ನು ಪರೀಕ್ಷಿಸುವವರು ಬಲ್ಲವರೆಂದು ಅವರಿಗೆ ಗೊತ್ತಿರುತ್ತದೆ.

ಎರಡನೆಯ ದಾರಿ ನೃತ್ಯ ಕಾರ್ಯಕ್ರಮಗಳಲ್ಲಿ ನುಡಿಸುವ ವಾದಕರು. ಹನ್ನೆರಡು ಶ್ರುತಿಗೂ ಕೊಳಲು ಹೊಂದಿಸಿಕೊಂಡವರು ಅವರೇ. ಬನಶಂಕರಿ ಎರಡನೇ ಹಂತದ ಶ್ರೀರಾಮ ಲಲಿತಕಲಾ ಮಂದಿರದ ಕಛೇರಿಗಳು, ಜಯನಗರದ ರಾಗೀಗುಡ್ಡ ಆಂಜನೇಯ ದೇವಸ್ಥಾನದ ಹನುಮಜ್ಜಯಂತಿಯ ಸಂಗೀತೋತ್ಸವ, ಕೆ.ಆರ್. ರಸ್ತೆಯಲ್ಲಿರುವ, 1905ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಯನ ಸಮಾಜದ ಸಮ್ಮೇಳನ, ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳು: ಇಲ್ಲೆಲ್ಲ ಕಾರ್ಯಕ್ರಮ ಮುಗಿದ ಮೇಲೆ ವಾದಕರನ್ನು ವಿನಯದಿಂದ ಕೇಳಿದರೆ ತಮ್ಮ ಕೊಳಲು ಎಲ್ಲಿಯದೆಂದು ಹೇಳದವರು ವಿರಳ.

ಮೂರನೆಯದು ಅಂಗಡಿ. ಹಳೆಯ ಪೇಟೆಯ ಬಳೇಪೇಟೆ ವಾದ್ಯಗಳ ಅಂಗಡಿಗಳಿಗೆ ಮೊದಲಿಂದಲೂ ಹೆಸರುವಾಸಿ. ಜೆ.ಪಿ. ನಗರ, ಬನಶಂಕರಿ, ಜಯನಗರದಿಂದ ಮೆಟ್ರೊ ಹಸಿರು ಮಾರ್ಗದಲ್ಲಿ ಹೊರಟರೆ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದು ನಡೆದು ಹೋಗಬಹುದು; ಬಿ.ಟಿ.ಎಂ. ಕಡೆಯವರು ಹಳದಿ ಮಾರ್ಗದಲ್ಲಿ ಬಂದು ಆರ್.ವಿ. ರಸ್ತೆಯಲ್ಲಿ ಬದಲಿಸಿಕೊಳ್ಳಬೇಕು. ಅಂಗಡಿಯವರನ್ನು ಬೇಕಾದ ಶ್ರುತಿ ಇದೆಯೇ ಎಂದಷ್ಟೇ ಕೇಳಿ ಹಿಂತಿರುಗಬೇಡಿ. ಕೊಳಲು ಪೂರೈಸುವವರಿಗೆ ಹೇಳಿ ತರಿಸಿಕೊಡುತ್ತೀರಾ, ನೋಡಿ ಬೇಡವೆನಿಸಿದರೆ ಹಿಂದಿರುಗಿಸಬಹುದೇ ಎಂದು ವಿಚಾರಿಸಿ.

ವಾದ್ಯಗಳ ಬಗ್ಗೆ ಕಣ್ಣು, ಕಿವಿ ಪಳಗಿಸಿಕೊಳ್ಳಲು ಜೆ.ಪಿ. ನಗರ ಏಳನೇ ಹಂತದಲ್ಲಿರುವ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ವಸ್ತುಸಂಗ್ರಹಾಲಯ ಒಳ್ಳೆಯ ತಾಣ. 2019ರಲ್ಲಿ ತೆರೆದ ಇಲ್ಲಿ ದೇಶದ ನಾನಾ ಭಾಗಗಳ ವಾದ್ಯಗಳನ್ನು ಒಟ್ಟಿಗೆ ನೋಡಬಹುದು. ನಾದ ಹುಟ್ಟುವ ಬಗೆಯನ್ನು ಮುಟ್ಟಿ ತಟ್ಟಿ ತಿಳಿಯುವ ಸೌಂಡ್ ಗಾರ್ಡನ್ ಕೂಡ ಇದೆ.

ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ, ಗಾಂಧಿಬಜಾರಿನಲ್ಲಿ ಕೋಲಿಗೆ ಕಟ್ಟಿ ಮಾರುವ ಕೊಳಲುಗಳು ಮಕ್ಕಳ ಸಂತೋಷಕ್ಕೆ ಚೆನ್ನ. ಶ್ರುತಿಯ ನಿಖರತೆಯನ್ನು ಅವುಗಳಿಂದ ನಿರೀಕ್ಷಿಸುವುದು ಸರಿಯಲ್ಲ.

ತಯಾರಕರಿಗೆ ಬರೆದು ಕೊಡಬೇಕಾದ ವಿವರ

ಬಾಯಿಮಾತಿನ ಆರ್ಡರ್‌ಗಿಂತ ಬರೆದು ಕೊಟ್ಟ ಆರ್ಡರ್ ಇಬ್ಬರಿಗೂ ಕ್ಷೇಮ. ಅದರಲ್ಲಿ ಇವಿಷ್ಟು ಇರಲಿ:

- ಕರ್ನಾಟಕ ಪದ್ಧತಿಯೋ ಹಿಂದುಸ್ತಾನಿಯೋ, ರಂಧ್ರಗಳು ಎಷ್ಟು
- ಷಡ್ಜ ಎಷ್ಟು ರಂಧ್ರ ಮುಚ್ಚಿದಾಗ ಬರಬೇಕು. ಮನೆಯ ಹೆಸರಿನ ಜೊತೆಗೆ ಹರ್ಟ್ಸ್ ಮತ್ತು ಸ್ಥಾಯಿ
- ‘ಎ’ 440ಕ್ಕೆ ಹೊಂದಬೇಕೋ ಅಥವಾ ನಿರ್ದಿಷ್ಟ ಹಾರ್ಮೋನಿಯಂ, ತಂಬೂರಿಗೆ ಹೊಂದಬೇಕೋ
- ಬಲಗಡೆ ಹಿಡಿಯುವವರೋ ಎಡಗಡೆಯೋ
- ಕೈ ಚಿಕ್ಕದಿದ್ದರೆ, ಈಗ ನುಡಿಸುವ ಕೊಳಲಿನ ರಂಧ್ರಗಳ ನಡುವಿನ ಅಂತರದ ಅಳತೆ
- ಒಂದೇ ತುಂಡೋ ಜೋಡಣೆಯದೋ. ದಾರದ ಕಟ್ಟು ಬೇಕೇ
- ಕಛೇರಿಗೋ, ಮನೆಯ ಅಭ್ಯಾಸಕ್ಕೋ, ಧ್ವನಿಮುದ್ರಣಕ್ಕೋ

ನಿಮಗೆ ಇಷ್ಟವಾದ ಕೊಳಲೊಂದನ್ನು ಜೊತೆಗೆ ಒಯ್ದು ನುಡಿಸಿ ತೋರಿಸುವುದು ಇನ್ನೂ ಒಳ್ಳೆಯದು. ನಿಮ್ಮ ಉಸಿರಿನ ಬಲ, ತುಟಿಯ ಇರಿಸು ನೋಡಿದ ತಯಾರಕರಿಗೆ ಊದುವ ರಂಧ್ರದ ಗಾತ್ರ ತೀರ್ಮಾನಿಸುವುದು ಸುಲಭ. ದೂರದ ಚೆನ್ನೈ, ಮುಂಬೈ, ದೆಹಲಿಯ ತಯಾರಕರಾದರೆ ನುಡಿಸಿದ ವಿಡಿಯೊ ಕಳಿಸಬಹುದು. ಅವರಿಂದಲೂ ಸಿದ್ಧವಾದ ಕೊಳಲನ್ನು ಟ್ಯೂನರ್ ಮುಂದೆ ಮೂರು ಸ್ಥಾಯಿಯಲ್ಲಿ ನುಡಿಸಿದ ವಿಡಿಯೊ ಕೇಳಿ ಪಡೆಯಬೇಕು. ಮುಂಗಡ ಎಷ್ಟು, ಶ್ರುತಿ ತಪ್ಪಿದರೆ ಏನು, ಸಾಗಣೆಯಲ್ಲಿ ಸೀಳಿದರೆ ಯಾರ ಹೊಣೆ ಎಂಬುದು ಮೊದಲ ದಿನವೇ ಇತ್ಯರ್ಥವಾಗಲಿ.

ಕೈಗೆ ಬಂದ ಕೊಳಲಿನ ಪರೀಕ್ಷೆ

ತಣ್ಣಗಿರುವ ಕೊಳಲು ಶ್ರುತಿಯಲ್ಲಿ ತಗ್ಗಿರುತ್ತದೆ. ಐದು ನಿಮಿಷ ಮೆಲ್ಲಗೆ ಊದಿ ಬೆಚ್ಚಗಾದ ಮೇಲೆಯೇ ಟ್ಯೂನರ್ ನೋಡಿ. ಮೊದಲು ಮಧ್ಯ ಷಡ್ಜ, ಆಮೇಲೆ ಅದೇ ಬೆರಳಿಟ್ಟು ಊದುವುದನ್ನು ಬಲಪಡಿಸಿ ತಾರ ಷಡ್ಜ. ಎರಡರ ನಡುವೆ ಸ್ಥಾಯಿಯ ಅಂತರ ಸರಿಯಾಗಿ ಕೂಡಬೇಕು. ಕೂಡದಿದ್ದರೆ ಕಾರ್ಕ್‌ನ ಸ್ಥಾನವೋ ಕೊಳವೆಯ ಆಕಾರವೋ ಸರಿಯಿಲ್ಲ. ಕಾರ್ಕ್ ಸರಿಸಿ ನೋಡಬಹುದು, ಆಕಾರಕ್ಕೆ ಮದ್ದಿಲ್ಲ. ಬಳಿಕ ಪಂಚಮ, ಮಧ್ಯಮಗಳನ್ನು ಶ್ರುತಿಪೆಟ್ಟಿಗೆಯ ಜೊತೆ ಎಳೆದು ನಿಲ್ಲಿಸಿ. ಕರ್ನಾಟಕ ಕೊಳಲಾದರೆ ಹರಿಕಾಂಭೋಜಿಯ ಆರೋಹಣ ಅವರೋಹಣವನ್ನು ವಿಳಂಬದಲ್ಲಿ ನುಡಿಸಿದಾಗ ತುಟಿಯಿಂದ ಯಾವ ಸ್ವರವನ್ನೂ ಎಳೆದು ಸರಿಪಡಿಸುವ ಪ್ರಸಂಗ ಬರಬಾರದು.

ಅಳತೆಗೊಂದು ಮಾನವಿದೆ. ಅರ್ಧ ಮನೆಯ ಅಂತರವನ್ನು ನೂರು ಭಾಗ ಮಾಡಿದರೆ ಒಂದು ಭಾಗಕ್ಕೆ ಸೆಂಟ್ ಎನ್ನುತ್ತಾರೆ. ಕೆಲವೇ ಸೆಂಟ್‌ಗಳ ವ್ಯತ್ಯಾಸವನ್ನು ಉಸಿರು ನುಂಗುತ್ತದೆ. ಇಪ್ಪತ್ತು ಮೂವತ್ತು ಸೆಂಟ್ ತಪ್ಪಿದ್ದರೆ ಕಛೇರಿಯಲ್ಲಿ ಕೇಳುಗರಿಗೇ ತಿಳಿಯುತ್ತದೆ. ಟ್ಯೂನರ್ ಮುಳ್ಳು ತೃಪ್ತಿಪಟ್ಟ ಮೇಲೂ ತಂಬೂರಿಯ ಜೊತೆ ಒಂದು ರಾಗ ನುಡಿಸದೆ ಒಪ್ಪಬೇಡಿ. ಗಮಕ ಸಲೀಸಾಗಿ ಹರಿಯುತ್ತದೆಯೇ, ಮಂದ್ರದಲ್ಲಿ ನಾದ ತುಂಬಿರುತ್ತದೆಯೇ ಎಂಬುದಕ್ಕೆ ಯಂತ್ರ ಉತ್ತರ ಹೇಳದು.

ಕೊಳಲು ಸಿಗುವವರೆಗೆ ಬದಲಿ ದಾರಿಗಳು

ಷಡ್ಜದ ಬೆರಳನ್ನು ಬದಲಿಸಿ ನುಡಿಸುವ ಅಭ್ಯಾಸವಿದ್ದರೆ ಒಂದೇ ಕೊಳಲು ಎರಡು ಮೂರು ಶ್ರುತಿಗೆ ಒದಗುತ್ತದೆ. ಮಧ್ಯಮವನ್ನು ಷಡ್ಜವಾಗಿ ಹಿಡಿಯುವ ಮಧ್ಯಮ ಶ್ರುತಿಯ ರೂಢಿ ನಮ್ಮಲ್ಲಿ ಹಳೆಯದು. ಐದು ಮನೆಯ ಕೊಳಲು ಹಾಗೆ ಒಂದು ಮನೆಗೆ ಒದಗುತ್ತದೆ. ಗಮಕಗಳ ಜಾಗ ಬದಲಾಗುವುದರಿಂದ ಸಾಧನೆ ಬೇಕು.

ಎರಡು ತುಂಡಿನ ಜೋಡಣೆ ಕೊಳಲಿನಲ್ಲಿ ಕೂಡುವ ಜಾಗವನ್ನು ಸ್ವಲ್ಪ ಹೊರಗೆಳೆದು ಶ್ರುತಿಯನ್ನು ತುಸು ಇಳಿಸಬಹುದು. ಉದ್ದನೆಯ ಬಿದಿರು ಸಿಗದಾಗ ಮಂದ್ರ ಕೊಳಲು ಮಾಡಲೂ ಇದು ಉಪಾಯ. ಪಿ.ವಿ.ಸಿ. ಪೈಪಿನ ಕೊಳಲಿಗೆ ಬಿದಿರಿನ ನಾದವಿಲ್ಲ. ಆದರೆ ಹೊಸ ಶ್ರುತಿಯ ಉದ್ದಕ್ಕೆ ನಿಮ್ಮ ಬೆರಳು ನಿಲುಕುತ್ತದೆಯೇ ಎಂದು ಕಡಿಮೆ ಖರ್ಚಿನಲ್ಲಿ ಮೊದಲೇ ತಿಳಿದುಕೊಳ್ಳಲು ಅದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ.

ಬೆಂಗಳೂರಿನ ಹವೆ ಮತ್ತು ಆರೈಕೆ

ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಕಂಬದ ಸ್ವರ ಸುಮಾರು ಮೂರು ಸೆಂಟ್ ಏರುತ್ತದೆ. ಜನವರಿಯ ಬೆಳಗಿಗೂ ಏಪ್ರಿಲ್‌ನ ಮಧ್ಯಾಹ್ನಕ್ಕೂ ನಡುವೆ ಹದಿನೈದು ಡಿಗ್ರಿಗೂ ಹೆಚ್ಚು ಅಂತರವಿರುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಉಸಿರಿನ ಬಿಸಿ ಇದರಲ್ಲಿ ಒಂದಷ್ಟನ್ನು ಸರಿದೂಗಿಸಿದರೂ ಚಳಿಗಾಲದ ಮುಂಜಾನೆ ಸರಿಯಿದ್ದ ಕೊಳಲು ಬೇಸಿಗೆಯಲ್ಲಿ ಏರಿದಂತೆ ಕೇಳುವುದು ಸಹಜ. ಆರ್ಡರ್ ಕೊಡುವಾಗ ಯಾವ ಉಷ್ಣತೆಯಲ್ಲಿ ಶ್ರುತಿ ಕೂಡಿಸುತ್ತೀರಿ ಎಂದು ತಯಾರಕರನ್ನು ಕೇಳಬಹುದು.

ತೇವದ ನಾಡಿನಿಂದ ಬಂದ ಬಿದಿರಿಗೆ ಇಲ್ಲಿಯ ಫೆಬ್ರವರಿ, ಮಾರ್ಚ್‌ನ ಒಣಹವೆ ಕಠಿಣ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಕೊಳಲು ಬಿಡಬೇಡಿ. ನುಡಿಸಿದ ಮೇಲೆ ಒಳಗಿನ ತೇವವನ್ನು ಬಟ್ಟೆಯಿಂದ ಒರೆಸಿ. ಆಗೀಗ ಎಣ್ಣೆಯನ್ನು ತೆಳುವಾಗಿ ಸವರಿ, ದಾರದ ಕಟ್ಟು ಸಡಿಲವಾಗಿದ್ದರೆ ಮತ್ತೆ ಬಿಗಿಯಾಗಿ ಕಟ್ಟಿಸಿ. ಕೂದಲೆಳೆಯ ಸೀಳು ಕಂಡ ಕೂಡಲೇ ತಯಾರಕರ ಬಳಿ ಒಯ್ಯಿರಿ. ತಡಮಾಡಿದರೆ ಸೀಳು ರಂಧ್ರದವರೆಗೆ ಓಡುತ್ತದೆ.

ಕೊನೆಯದಾಗಿ

ಅಪರೂಪದ ಶ್ರುತಿಯ ಕೊಳಲು ಬೇಕೆಂದು ಕೇಳಿಕೊಂಡು ಬರುವವರು ಇದ್ದರೆ ತಾನೇ ತಯಾರಕರು ಆ ಅಳತೆಯ ಬಿದಿರನ್ನು ಎತ್ತಿಡುವುದು, ಆ ಶ್ರುತಿಯ ಅಳತೆ ಕೋಲು ಮಾಡಿಟ್ಟುಕೊಳ್ಳುವುದು. ಆದ್ದರಿಂದ ಸಿಕ್ಕಿದ್ದಕ್ಕೆ ಹೊಂದಿಕೊಂಡು ಅಪಶ್ರುತಿಯಲ್ಲಿ ನುಡಿಸಬೇಡಿ. ಬೇಕಾದ ಷಡ್ಜವನ್ನು ಅಳೆದು ಬರೆದಿಟ್ಟುಕೊಳ್ಳಿ, ಬಲ್ಲವರ ಮೂಲಕ ತಯಾರಕರನ್ನು ಸೇರಿ, ನ್ಯಾಯವಾದ ಬೆಲೆ ಕೊಡಿ, ಬಿದಿರು ಪಕ್ವವಾಗುವಷ್ಟು ಸಮಯ ಕೊಡಿ. ಒಳ್ಳೆಯ ಕೊಳಲು ಕೈಗೆ ಬಂದ ಮೇಲೆ ಅದನ್ನು ಮಾಡಿದವರ ಹೆಸರನ್ನು ನಾಲ್ಕು ಜನರಿಗೆ ಹೇಳಿ. ಈ ಕಸುಬು ಉಳಿಯುವುದು ಹಾಗೆ ಹೇಳುವವರಿಂದಲೇ.